ಬೈಸಿಕಲ್ಲಿನ ಕತ್ತು ಹಿಡಿದಾಗ

ಅಣ್ಣ ತುಳಿದು ಬಿಟ್ಟ ಬೈಸಿಕಲ್ಲು ತಮ್ಮನಿಗೆ ಬರುವುದು ನಮ್ಮ ಮನೆಗಳಲ್ಲಿ ನಡೆದುಬಂದ ಪದ್ಧತಿ. ಕೊಡುವ ಮುನ್ನ ಗಾಳಿ ತುಂಬಿಸುತ್ತೇವೆ, ಬ್ರೇಕಿನ ರಬ್ಬರು ಬದಲಿಸುತ್ತೇವೆ, ಚೈನಿಗೆ ಎಣ್ಣೆ ಬಿಡುತ್ತೇವೆ. ಹ್ಯಾಂಡಲ್ ಕೂತಿರುವ ಗಿಡ್ಡ ಕೊಳವೆ, ಅಂದರೆ ಬೈಸಿಕಲ್ಲಿನ ಕತ್ತು ಮಾತ್ರ ಯಾರ ನೆನಪಿಗೂ ಬಾರದು. ಹ್ಯಾಂಡಲ್ ಕಟಕಟ ಎನ್ನುತ್ತದೆಂದು ಹುಡುಗ ದೂರಿದರೆ ಸ್ಪ್ಯಾನರ್ ತಂದು ಮೇಲಿನ ನಟ್ಟನ್ನು ಬಲವಾಗಿ ಬಿಗಿಯುತ್ತೇವೆ. ಸದ್ದು ನಿಲ್ಲುತ್ತದೆ. ಅಪಾಯ ಅಲ್ಲಿಂದ ಮೊದಲಾಗುತ್ತದೆ.

ಅದು ಹೇಗೆಂದು ತಿಳಿಯಬೇಕಾದರೆ ಬೈಸಿಕಲ್ಲು ಬೀಳದೆ ಓಡುವ ಬಗೆಯನ್ನು ನೋಡಬೇಕು. ಸವಾರನು ಎಡಕ್ಕೆ ವಾಲಿದೊಡನೆ ಮುಂಗಾಲಿಯೂ ತುಸು ಎಡಕ್ಕೆ ತಿರುಗಿ, ಗಾಲಿಗಳನ್ನು ಅವನ ಭಾರದ ಕೆಳಕ್ಕೆ ತರುತ್ತದೆ. ನೇರವಾಗಿ ಹೋಗುತ್ತಿರುವೆವೆಂದು ಭಾವಿಸಿದಾಗಲೂ ಈ ಸಣ್ಣ ತಿದ್ದುಪಡಿ ಕ್ಷಣಕ್ಷಣವೂ ನಡೆದಿರುತ್ತದೆ. 1817ರಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತನು ಜರ್ಮನಿಯ ಮನ್‌ಹೈಮ್ ಪಟ್ಟಣದಿಂದ ಓಡಿಸಿದ ಎರಡು ಗಾಲಿಯ ಯಂತ್ರಕ್ಕೆ ಪೆಡಲೇ ಇರಲಿಲ್ಲ. ಕಾಲಿನಿಂದ ನೆಲವನ್ನು ಒದೆಯಬೇಕಾಗಿತ್ತು. ಆದರೆ ತಿರುಗುವ ಮುಂಗಾಲಿ ಆಗಲೇ ಇತ್ತು! ಬಿಗಿದ ಕತ್ತು ಈ ತಿದ್ದುಪಡಿಗಳನ್ನು ತಡೆಯುತ್ತದೆ. ಸವಾರನು ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು ತಿರುಗಿಸುತ್ತ ಹಾವಿನಂತೆ ಹೊರಳುತ್ತಾನೆ. ಕಲಿಯುತ್ತಿರುವ ಮಗುವಾದರೆ ತಪ್ಪು ತನ್ನದೆಂದೇ ತಿಳಿದು ಧೈರ್ಯಗೆಡುತ್ತದೆ. ಪಕ್ಕದಲ್ಲಿ ಬಸ್ಸು ಹಾಯುವಾಗ ಒಂದು ಅಡಿಯ ಹೊರಳಾಟವೆಂದರೆ ಏನೆಂದು ತಾಯಂದಿರಿಗೆ ವಿವರಿಸಬೇಕಾಗಿಲ್ಲ.

ಕತ್ತಿನ ಮೇಲೊಂದು, ಕೆಳಗೊಂದು ಉಕ್ಕಿನ ಕಪ್ಪು; ಅವುಗಳಲ್ಲಿ ಉಕ್ಕಿನ ಗುಂಡುಗಳು. ಗಾಲಿಯ ಗುಂಡುಗಳು ಸುತ್ತುತ್ತಲೇ ಇರುತ್ತವೆ. ಇವಾದರೋ ಇದ್ದಲ್ಲೇ ಅತ್ತಿತ್ತ ಕದಲುತ್ತವೆ, ಅಷ್ಟೆ. ರಸ್ತೆಯ ಗುಂಡಿಗಳ ಏಟೆಲ್ಲ ಅದದೇ ಜಾಗಕ್ಕೆ ಬೀಳುತ್ತದೆ. ಕ್ರಮೇಣ ನಡುವಣ ಗ್ರೀಸು ಹಿಂಡಿಹೋಗಿ, ಉಕ್ಕಿಗೆ ಉಕ್ಕು ತಿಕ್ಕಿ, ಕಪ್ಪಿನಲ್ಲಿ ಸಾಲಾಗಿ ಕುಳಿಗಳೇಳುತ್ತವೆ. ಗಾಲಿ ಎರಚುವ ಕೆಸರಿಗೂ ಹತ್ತಿರವಾದುದರಿಂದ ಕೆಳಗಿನ ಕಪ್ಪೇ ಸಾಮಾನ್ಯವಾಗಿ ಮೊದಲು ಕೆಡುತ್ತದೆ.

ರೋಗ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ. ಮುಂದಿನ ಬ್ರೇಕು ಹಿಡಿದು ಬೈಸಿಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿ; ಕತ್ತಿನ ಸಂದಿಗೆ ಬೆರಳಿಟ್ಟಾಗ ಅಲುಗಾಟ ತಿಳಿದರೆ ಅದು ಸಡಿಲ. ಅನಂತರ ಮುಂಗಾಲಿಯನ್ನೆತ್ತಿ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿ. ಸರಿಯಾಗಿ ನಡುವೆ ಬಂದಾಗ ಕೊಂಡಿ ಸಿಕ್ಕಿದಂತೆ ನಿಂತರೆ ಕುಳಿ ಬಿದ್ದಿದೆಯೆಂದೇ ಅರ್ಥ. ಆಗ ಬಿಗಿಯುವುದರಿಂದ ಏನೂ ಪ್ರಯೋಜನವಿಲ್ಲ.

ಮೇಲೆ ಲಾಕ್ ನಟ್ಟಿರುವ ಸಾಧಾರಣ ಬೈಸಿಕಲ್ಲಾದರೆ ಬಿಚ್ಚುವುದು ಕಷ್ಟವಲ್ಲ. ಬ್ರೇಕಿನ ಸಂಬಂಧ ತಪ್ಪಿಸಿ, ಹ್ಯಾಂಡಲಿನ ನಡುಬೋಲ್ಟನ್ನು ನಾಲ್ಕು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ತಟ್ಟಿದರೆ ಹ್ಯಾಂಡಲ್ ಮೇಲಕ್ಕೆ ಬರುತ್ತದೆ. ನೆಲಕ್ಕೆ ಹಳೆಯ ಬಟ್ಟೆ ಹಾಸಿದ ಮೇಲೆಯೇ ಫೋರ್ಕನ್ನು ಇಳಿಸತಕ್ಕದ್ದು. ಇಲ್ಲವಾದರೆ ಗುಂಡುಗಳನ್ನು ಬೀರುವಿನ ಅಡಿಯಲ್ಲಿ ಹುಡುಕಬೇಕಾದೀತು. ಮೇಲಿನವೆಷ್ಟು, ಕೆಳಗಿನವೆಷ್ಟು ಎಂದು ಎಣಿಸಿ ಬೇರೆ ಬೇರೆ ಇಡಿ.

ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರಸಿ ಬೆಳಕಿಗೆ ಹಿಡಿಯಿರಿ. ಗುಂಡುಗಳ ಹಾದಿ ಒಂದೇ ಸಮನೆ ಹೊಳೆಯುತ್ತಿದ್ದರೆ ಗುಂಡುಗಳನ್ನು ಮಾತ್ರ ಬದಲಿಸಿದರೆ ಸಾಕು. ಹಳೆಯದೊಂದನ್ನು ಅಂಗಡಿಗೆ ಒಯ್ದು ಅದೇ ಅಳತೆಯವನ್ನು ತನ್ನಿ. ಕುಳಿ ಕಂಡರೆ ಕಪ್ಪು, ಗುಂಡು ಸಮೇತ ಇಡೀ ಸೆಟ್ಟನ್ನೇ ಹಾಕಿಸಬೇಕು. ಹಳೆಯ ಕಪ್ಪಿಗೆ ಹೊಸ ಗುಂಡು ಹಾಕಿ ಕಳಿಸುವ ಜಿಪುಣತನವನ್ನು ನಾನು ಒಪ್ಪಲಾರೆ. ಕಪ್ಪನ್ನು ಹೊಡೆದು ಕೂರಿಸುವ ಕೆಲಸ ಮಾತ್ರ ಸೈಕಲ್ ಷಾಪಿನವನದು; ವಾರೆಯಾಗಿ ಕೂತರೆ ಹೊಸದೂ ಬೇಗನೆ ಹಾಳು.

ಇಲ್ಲಿಗೆ ಬೇಕಾದುದು ಗ್ರೀಸು. ಹೊಲಿಗೆ ಯಂತ್ರದ ಎಣ್ಣೆ ಇಳಿದುಹೋಗುತ್ತದೆ. ಕಪ್ಪಿನ ತುಂಬ ಗ್ರೀಸು ಮೆತ್ತಿ ಗುಂಡುಗಳನ್ನು ಅದರಲ್ಲಿ ಒತ್ತಿದರೆ ಬೀಳದೆ ಅಂಟಿಕೊಳ್ಳುತ್ತವೆ. ಅವು ಒಂದನ್ನೊಂದು ನೂಕದಂತೆ ತುಸು ಜಾಗ ಉಳಿದಿರಲಿ. ಫೋರ್ಕನ್ನು ಸೇರಿಸಿ ಮೇಲಿನ ತಿರುಪನ್ನು ಕೈಯಿಂದಲೇ ಬಿಗಿಯುತ್ತ ಹೋಗಿ, ಅಲುಗಾಟ ನಿಂತಲ್ಲಿ ನಿಲ್ಲಿಸಿ, ಅದು ಕದಲದಂತೆ ಹಿಡಿದು ಲಾಕ್ ನಟ್ಟನ್ನು ಬಿಗಿಯಿರಿ. ಲಾಕ್ ನಟ್ಟು ಕೂತಾಗ ಅಳತೆ ಬದಲಾಗುವುದುಂಟು; ಎರಡು ಮೂರು ಸಲ ತಿದ್ದಬೇಕಾಗಬಹುದು, ಬೇಸರಿಸಬೇಡಿ. ಮುಂಗಾಲಿಯನ್ನೆತ್ತಿ ಬೈಸಿಕಲ್ಲನ್ನು ವಾಲಿಸಿದಾಗ ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಹೊರಳಬೇಕು. ಜಗ್ಗಿದಾಗ ಕಟಕಟ ಎನ್ನಕೂಡದು.

ಕೊನೆಗೆ ಹ್ಯಾಂಡಲನ್ನು ಕೂರಿಸಿ, ಬ್ರೇಕು ಜೋಡಿಸಿ, ಗಾಲಿಯನ್ನು ಮೊಣಕಾಲುಗಳ ನಡುವೆ ಅಮುಕಿ ಹ್ಯಾಂಡಲನ್ನು ತಿರುಚಿ ನೋಡಿ. ಅದು ಜಾರಿದರೆ ನಡುಬೋಲ್ಟು ಇನ್ನೂ ಬಿಗಿಯಾಗಬೇಕು. ಹೊಸ ಕಪ್ಪುಗಳು ತುಸು ಕೂರುವುದರಿಂದ ವಾರ ಕಳೆದ ಮೇಲೆ ಬ್ರೇಕು ಹಿಡಿದು ಜಗ್ಗುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.