‘ಹೊಟ್ಟೆನೋವು ತಾಳಲಾರದೆ’ ಎಂದರೆ ಮುಗಿಯಿತೇ?

ನಮ್ಮ ಜಿಲ್ಲೆಯ ದಿನಪತ್ರಿಕೆಗಳ ಒಳಪುಟದಲ್ಲಿ ಒಂದು ವಾಕ್ಯ ವರ್ಷಗಳಿಂದಲೂ ಬದಲಾಗಿಲ್ಲ. ಮೇಲೆ ಬಂಟ್ವಾಳ, ಬೆಳ್ತಂಗಡಿ ಅಥವಾ ಮೂಡುಬಿದಿರೆ ಎಂದು ಊರ ಹೆಸರು. ಕೆಳಗೆ, ವಿಪರೀತ ಹೊಟ್ಟೆನೋವಿನಿಂದ ಬಳಲುತ್ತಿದ್ದು, ಜೀವನದಲ್ಲಿ ಜಿಗುಪ್ಸೆಗೊಂಡು ಆತ್ಮಹತ್ಯೆ ಮಾಡಿಕೊಂಡಿದ್ದಾರೆ ಎಂಬ ಸುದ್ದಿ. ಓದುತ್ತೇವೆ, ಪುಟ ತಿರುವುತ್ತೇವೆ. ಆ ವಾಕ್ಯ ತಿಳಿಸುವುದಕ್ಕಿಂತ ಮುಚ್ಚಿಡುವುದೇ ಹೆಚ್ಚು ಎಂದು ನಮಗೆ ಯಾಕೆ ಅನಿಸುವುದಿಲ್ಲ?

ಈ ವಾಕ್ಯ ಹುಟ್ಟುವುದು ಪೊಲೀಸ್ ಠಾಣೆಯಲ್ಲಿ. ಮನೆಯವರು ಹೇಳುತ್ತಾರೆ, ಅಸಹಜ ಸಾವಿನ ಪ್ರಕರಣ ದಾಖಲಾಗುತ್ತದೆ, ವರದಿಗಾರರು ಅದನ್ನೇ ನಕಲು ಮಾಡುತ್ತಾರೆ. ಯಾವ ಹೊಟ್ಟೆನೋವು? ಎಷ್ಟು ವರ್ಷದಿಂದ? ಯಾವ ವೈದ್ಯರು ನೋಡಿದರು? ಕೇಳುವವರಿಲ್ಲ. ಮನೋರೋಗ ಎಂದರೆ ಮನೆತನಕ್ಕೆ ಕಳಂಕ, ಸಾಲ ಎಂದರೆ ಅವಮಾನ, ಗಂಡನ ಮನೆಯ ಕಿರುಕುಳ ಎಂದರೆ ಕೋರ್ಟು ಕಚೇರಿ. ಹೊಟ್ಟೆನೋವು ಮಾತ್ರ ಬದುಕಿರುವ ಯಾರಿಗೂ ನೋವು ಕೊಡದ ಕಾರಣ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಹೀಗೆ ಸತ್ತರೆ ಮ್ಯಾಜಿಸ್ಟ್ರೇಟ್ ಅಧಿಕಾರವುಳ್ಳ ಅಧಿಕಾರಿ ತನಿಖೆ ನಡೆಸಬೇಕೆಂದು ಕಾನೂನು ಹೇಳುತ್ತದೆ. ಮನೆಯವರ ಮಾತನ್ನೇ ಅಂತಿಮ ಎಂದು ನಂಬಲಾಗದು ಎಂಬುದು ಕಾನೂನಿಗೆ ಗೊತ್ತು. ಪತ್ರಿಕೆಗಳಿಗೆ ಗೊತ್ತಿಲ್ಲವೇ?

ಹಾಗೆಂದು ಆ ನೋವೆಲ್ಲ ಸುಳ್ಳು ಎನ್ನುವಂತಿಲ್ಲ. ಎಷ್ಟೋ ಬಾರಿ ಅದು ನಿಜ. ಇನ್ನೂ ದೊಡ್ಡ ಅನ್ಯಾಯವಿರುವುದು ಇಲ್ಲಿಯೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಮಂದಿ. ಕೌಟುಂಬಿಕ ಸಮಸ್ಯೆಯ ನಂತರದ ಕಾರಣ ಕಾಯಿಲೆ. ಮನೋರೋಗವೂ ಸೇರಿ ಅದರ ಪಾಲು ಶೇ. 18.4. ದೀರ್ಘಕಾಲದ ನೋವಿರುವವರಲ್ಲಿ ಆತ್ಮಹತ್ಯೆಯ ಅಪಾಯ ಇತರರಿಗಿಂತ ಕನಿಷ್ಠ ಎರಡು ಪಟ್ಟು ಎಂದು ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ಸಂಶೋಧಕರು 2006ರಲ್ಲೇ ಹೇಳಿದ್ದಾರೆ.

ಆದರೆ ನೋವೊಂದೇ ಕೊಲ್ಲುವುದಿಲ್ಲ. ನೋವು ನಿದ್ದೆಯನ್ನು ಕಸಿಯುತ್ತದೆ, ನಿದ್ದೆಯಿಲ್ಲದವನ ಮನಸ್ಸು ಕುಗ್ಗುತ್ತದೆ, ಕುಗ್ಗಿದ ಮನಸ್ಸಿಗೆ ನೋವು ಇಮ್ಮಡಿಯಾಗಿ ಕಾಣುತ್ತದೆ. ದುಡಿಯಲಾಗದವನಿಗೆ ತಾನು ಮನೆಗೆ ಭಾರ ಅನಿಸತೊಡಗುತ್ತದೆ. ಇದಿನ್ನು ಎಂದೂ ಮುಗಿಯದು ಎಂಬ ನಂಬಿಕೆ ಬೇರೂರಿದಾಗ ಅಪಾಯ ಹೊಸ್ತಿಲಿಗೆ ಬಂದಿರುತ್ತದೆ. ಇದರ ಇನ್ನೊಂದು ಮುಖವೂ ಇದೆ. ಖಿನ್ನತೆ ಎಷ್ಟೋ ಮಂದಿಯಲ್ಲಿ ದುಃಖವಾಗಿ ಅಲ್ಲ, ಹೊಟ್ಟೆನೋವು, ತಲೆನೋವು, ಮೈಕೈ ನೋವಾಗಿಯೇ ಕಾಣಿಸಿಕೊಳ್ಳುತ್ತದೆ. ಈ ಸರಪಳಿಯ ಪ್ರತಿಯೊಂದು ಕೊಂಡಿಯನ್ನೂ ಚಿಕಿತ್ಸೆಯಿಂದ ಕಡಿಯಬಹುದು.

ನಾವು ಮಾಡುತ್ತಿರುವುದೇನು? ಈ ಮೂರೂ ಊರುಗಳ ಸುತ್ತ ಬ್ಯಾರಿ, ಬಿಲ್ಲವ, ದಲಿತ ಎನ್ನದೆ ಸಾವಿರಾರು ಹೆಂಗಸರು ಬೀಡಿ ಕಟ್ಟಿ ಮನೆ ನಡೆಸಿದ್ದಾರೆ. ಮಡಿಲಲ್ಲಿ ಮೊರ ಇಟ್ಟುಕೊಂಡು, ಕುತ್ತಿಗೆ ಬಗ್ಗಿಸಿ, ಗಂಟೆಗಟ್ಟಲೆ ಕುಳಿತು. ಕೂಲಿ ಸಿಗುವುದು ಸಾವಿರ ಬೀಡಿಯ ಲೆಕ್ಕದಲ್ಲಿ, ಬೆನ್ನುನೋವಿನ ಲೆಕ್ಕದಲ್ಲಿ ಅಲ್ಲ. ನೋವಿಗೆ ಮೆಡಿಕಲ್‌ನಿಂದ ತಂದ ಮಾತ್ರೆ, ಅದೂ ಖಾಲಿ ಹೊಟ್ಟೆಗೆ. ಆ ಮಾತ್ರೆಗಳಿಂದಲೇ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಆಗ ಅದಕ್ಕೊಂದು ಹೆಸರು, ‘ಗ್ಯಾಸ್ಟ್ರಿಕ್’. ಪಿತ್ತಕೋಶದ ಕಲ್ಲು, ಗರ್ಭಕೋಶದ ತೊಂದರೆ, ಮುಟ್ಟಿನ ನೋವು ಎಲ್ಲವೂ ಗ್ಯಾಸ್ಟ್ರಿಕ್! ಹೊಟ್ಟೆಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣವೆಂದು ತೋರಿಸಿದ ವಿಜ್ಞಾನಿಗಳಿಗೆ 2005ರಲ್ಲಿ ನೊಬೆಲ್ ಬಂತು. ಕೆಲವೇ ವಾರಗಳ ಔಷಧಿಯಿಂದ ಗುಣವಾಗುವ ಹುಣ್ಣನ್ನು ವರ್ಷಗಟ್ಟಲೆ ಸಹಿಸುವವರು ನಮ್ಮ ನಡುವೆ ಇನ್ನೂ ಇದ್ದಾರೆ.

‘ಸಹಿಸಿಕೋ’ ಎಂಬುದು ನಮ್ಮ ಸಮಾಜದ ಅತಿ ಅಗ್ಗದ ಔಷಧಿ. ಒಬ್ಬರು ವಿಧಿಬರಹ ಎನ್ನುತ್ತಾರೆ, ಇನ್ನೊಬ್ಬರು ಸಬ್ರ್ ಮಾಡು ಎನ್ನುತ್ತಾರೆ. ಕಾಯಿಲೆಗೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಸಬ್ರ್ ಎಂದರೆ ಧೈರ್ಯಗೆಡದಿರುವುದು, ವೈದ್ಯರ ಬಳಿ ಹೋಗದಿರುವುದಲ್ಲ. ಆತ್ಮಹತ್ಯೆ ಮಹಾಪಾಪ ಎಂದು ಜುಮಾ ಪ್ರವಚನದಲ್ಲಿ ಎಚ್ಚರಿಸುವುದು ಸರಿಯೇ. ಆದರೆ ನೋವಿನಲ್ಲಿದ್ದವಳ ಬಾಗಿಲನ್ನು ಒಮ್ಮೆಯೂ ತಟ್ಟದವರಿಗೆ ಅವಳ ಅಂತ್ಯದ ಬಗ್ಗೆ ತೀರ್ಪು ನೀಡುವ ಹಕ್ಕು ಎಲ್ಲಿಂದ ಬಂತು?

ದಾರಿ ಇಲ್ಲವೆನ್ನಬೇಡಿ. ತಲಪಾಡಿ ದಾಟಿದರೆ ಕೇರಳ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಕೆಲವು ವೈದ್ಯರು ಆರಂಭಿಸಿದ ನೋವುಶಮನದ ಕೆಲಸ ಊರವರ ಆಂದೋಲನವಾಯಿತು. 2008ರಲ್ಲಿ ಅಲ್ಲಿನ ಸರಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿತು. ಹಾಸಿಗೆ ಹಿಡಿದವರ ಮನೆಗೆ ಪಂಚಾಯತ್ ಮೂಲಕ ನರ್ಸ್ ಬರುತ್ತಾರೆ. ಇತ್ತ ಮಂಗಳೂರು, ದೇರಳಕಟ್ಟೆಗಳಲ್ಲಿ ಮೆಡಿಕಲ್ ಕಾಲೇಜುಗಳು ಸಾಲಾಗಿ ನಿಂತಿವೆ. ಹಳ್ಳಿಯ ಮನೆಯ ನೋವು ಅಲ್ಲಿಗೆ ತಲುಪುವುದು ಮಿತಿಮೀರಿದ ಮೇಲೆ. ಕ್ಯಾನ್ಸರ್ ನೋವಿಗೆ ಬೇಕಾದ ಮಾರ್ಫಿನ್‌ಗೆ 1985ರ ಮಾದಕವಸ್ತು ಕಾಯ್ದೆ ತಡೆಯಾಗಿತ್ತು. 2014ರ ತಿದ್ದುಪಡಿ ಆ ನಿಯಮಗಳನ್ನು ಸರಳಗೊಳಿಸಿದೆ. ಇನ್ನು ಕಾನೂನನ್ನೇ ನೆಪವಾಗಿ ಹೇಳುವಂತಿಲ್ಲ.

ನಮ್ಮಲ್ಲೇ ಉದಾಹರಣೆ ಬೇಕಿದ್ದರೆ ಬೆಳ್ತಂಗಡಿಯ ಕೊಕ್ಕಡವನ್ನು ನೋಡಿ. ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದ ಎಂಡೋಸಲ್ಫಾನ್ ಮನೆಮನೆಗೆ ಸಂಕಟ ತಂದಿತು. ಸಂತ್ರಸ್ತರು ಸುಮ್ಮನೆ ಸಹಿಸಲಿಲ್ಲ, ಹೋರಾಡಿದರು. ಮಾಸಾಶನ ಬಂತು, ಪಾಲನಾ ಕೇಂದ್ರ ಬಂತು, 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿತು. ಕೊಟ್ಟದ್ದು ಸಾಲದು ಎನ್ನುವುದು ಬೇರೆ ಮಾತು. ನೋವಿಗೆ ಹೆಸರಿಟ್ಟು ಲೆಕ್ಕ ಕೇಳಿದಾಗ ಮಾತ್ರ ಸರಕಾರ ಕದಲುತ್ತದೆ.

ಆದ್ದರಿಂದ ಪತ್ರಿಕೆಗಳು ಮೊದಲು ಆ ವಾಕ್ಯವನ್ನು ಬಿಡಲಿ. ಆತ್ಮಹತ್ಯೆಗೆ ಒಂದೇ ಕಾರಣ ಕೊಟ್ಟು ಮುಗಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಇದೆ. ಅದರ ಮಾರ್ಗಸೂಚಿಯನ್ನು ಆಧರಿಸಿ ಭಾರತೀಯ ಪತ್ರಿಕಾ ಮಂಡಳಿಯೂ 2019ರಲ್ಲಿ ನಿಯಮ ಮಾಡಿದೆ. ತಾಲೂಕು ಆಸ್ಪತ್ರೆಗಳಲ್ಲಿ ನೋವಿಗೊಂದು ಚಿಕಿತ್ಸಾ ದಿನ ಇರಲಿ. ದೀರ್ಘಕಾಲದ ನೋವೆಂದು ಬಂದವರನ್ನು ವೈದ್ಯರು ಇನ್ನೆರಡು ಪ್ರಶ್ನೆ ಕೇಳಲಿ: ನಿದ್ದೆ ಬರುತ್ತದೆಯೇ? ಬದುಕು ಬೇಡ ಅನಿಸಿದೆಯೇ? ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಕಲ್ಪನೆ. ಕೇಳಿದರೆ ಎದೆಯ ಭಾರ ಇಳಿಯುತ್ತದೆ.

ಇದನ್ನು ಓದುತ್ತಿರುವ ನಿಮಗೇ ಅಂಥ ನೋವಿದ್ದರೆ ಇಂದೇ ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಹೇಳುವವರಿಲ್ಲದಿದ್ದರೆ 14416ಕ್ಕೆ ಕರೆ ಮಾಡಿ. ಇದು ಸರಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಉಳಿದ ನಾವು, ನಾಳೆ ಪತ್ರಿಕೆಯಲ್ಲಿ ಆ ವಾಕ್ಯ ಮತ್ತೆ ಕಂಡರೆ ಪುಟ ತಿರುವದೆ ಕೇಳೋಣ: ಅವರ ಹೊಟ್ಟೆನೋವಿಗೆ ಮದ್ದು ಕೊಟ್ಟವರು ಯಾರು?