ಇರುವೆಗೆ ಹೊಲದ 'ಮದ್ದು' ಬೇಡ



ಮೊದಲ ಮಳೆ ಬಿದ್ದು ಮಣ್ಣು ನೆನೆಯುತ್ತಲೇ ನಮ್ಮ ಕಾರಿಮಂಗಲಂ ಸುತ್ತಿನ ಮನೆಗಳಿಗೆ ಇರುವೆಗಳ ಮೆರವಣಿಗೆ ಆರಂಭವಾಗುತ್ತದೆ. ನೆಲದೊಳಗಿನ ಗೂಡಿಗೆ ನೀರು ನುಗ್ಗಿದರೆ ಅವು ಒಣ ಜಾಗ ಹುಡುಕಿಕೊಂಡು ಮೇಲೆ ಬರಲೇಬೇಕು. ಐಪ್ಪಸಿ, ಕಾರ್ತಿಗೈ ತಿಂಗಳ ಮಳೆಗೆ ಇನ್ನೊಂದು ಸರದಿ. ನಡುಬೇಸಿಗೆಯಲ್ಲಿ ನೀರಿಗಾಗಿ ಬರುವವು ಬೇರೆ. ಬೆಲ್ಲದ ಡಬ್ಬ, ಹಾಲಿನ ಪಾತ್ರೆ, ಕೊಬ್ಬರಿ ಬಟ್ಟಲು, ಕೂಸು ಮಲಗಿದ ತೊಟ್ಟಿಲು, ಒಂದನ್ನೂ ಅವು ಬಿಡುವುದಿಲ್ಲ. ದೇವಾಲಯದ ಸಾಮಾನಿನ ಕೋಣೆಯಲ್ಲಿ ಬಲಿಪೂಜೆಯ ರೊಟ್ಟಿಯ ಡಬ್ಬವನ್ನೂ ಅವು ಗೌರವಿಸುವುದಿಲ್ಲ ಎಂಬುದು ನಮ್ಮ ಉಪದೇಶಿಗಳಿಗೆ ಚೆನ್ನಾಗಿ ಗೊತ್ತು.

ಇರುವೆ ಕಚ್ಚಿ ಯಾರೂ ನಮ್ಮೂರಿನಲ್ಲಿ ಆಸ್ಪತ್ರೆ ಸೇರಿದ್ದನ್ನು ನಾನು ಕೇಳಿಲ್ಲ. ನನ್ನ ಚಿಂತೆ ಇರುವುದು ಇರುವೆಗೆಂದು ನಾವು ಅಡಿಗೆಮನೆಗೆ ತರುವ ವಸ್ತುವಿನ ಬಗ್ಗೆ. ಮನೆಗಳನ್ನು ಆಶೀರ್ವದಿಸಲು ಹೋದಾಗ ಗುರುಗಳಿಗೆ ಅಡಿಗೆಮನೆಯನ್ನೂ ತೋರಿಸುತ್ತಾರೆ. ಒಲೆಯ ಮೇಲಿನ ಗೂಡಿನಲ್ಲಿ ಕಡಲೆಕಾಯಿ ಎಣ್ಣೆಯ ಬಾಟಲಿ, ಉಪ್ಪಿನ ಭರಣಿ, ಅವುಗಳ ಪಕ್ಕದಲ್ಲೇ ಟೊಮೇಟೊಗೆ ಹೊಡೆದು ಮಿಕ್ಕ ಕೀಟನಾಶಕದ ಬಾಟಲಿ! ಯಾಕಮ್ಮಾ ಇದು ಇಲ್ಲಿ ಎಂದರೆ, "ಇರುವೆಗೆ ಸ್ವಲ್ಪ ಮದ್ದು ಇಟ್ಟಿದ್ದೇವೆ ಸ್ವಾಮೀ" ಎನ್ನುತ್ತಾರೆ. ಒಂದು ಮನೆಯಲ್ಲಿ ಅದನ್ನು ತಂಪು ಪಾನೀಯದ ಬಾಟಲಿಗೆ ಸುರಿದು ಇಟ್ಟಿದ್ದರು. ಆ ಮನೆಯಲ್ಲಿ ನಾಲ್ಕು ವರ್ಷದ ಮಗುವಿತ್ತು.

'ಮದ್ದು' ಎಂಬ ಈ ಮಾತೇ ನಮ್ಮನ್ನು ಹಾಳುಮಾಡಿದೆ ಎಂದು ನನಗೆ ಅನಿಸುತ್ತದೆ. ತಮಿಳಿನಲ್ಲಿ ಮರುಂದು, ನಮ್ಮಲ್ಲಿ ಮದ್ದು ಅಥವಾ ಔಷಧಿ. ಜ್ವರಕ್ಕೆ ಕುಡಿಯುವುದಕ್ಕೂ ಅದೇ ಹೆಸರು, ಗಿಡಕ್ಕೆ ಹೊಡೆಯುವುದಕ್ಕೂ ಅದೇ ಹೆಸರು. ಹೆಸರು ಒಂದಾದ ಮೇಲೆ ಎರಡನ್ನೂ ಒಂದೇ ಗೂಡಿನಲ್ಲಿಡಲು ಅಂಜಿಕೆ ಯಾಕೆ ಬಂದೀತು? ಬಾಟಲಿಯ ಮೇಲೆ ಕೆಂಪು ತ್ರಿಕೋನವಿದ್ದರೆ ಅದು ಅತ್ಯಂತ ವಿಷಕಾರಿ ಎಂದು ಅರ್ಥ. ಹಳದಿ, ನೀಲಿ, ಹಸಿರು ಅದಕ್ಕಿಂತ ಕಡಿಮೆ, ಕ್ರಮವಾಗಿ. ಹಸಿರು ಬಣ್ಣ ಕಂಡೊಡನೆ ಅದು ನಿರಪಾಯವೆಂದು ತಿಳಿಯಬಾರದು. ಮನೆಯಲ್ಲಿ ಅದನ್ನು ವಿಷ ಎಂದೇ ಕರೆಯಿರಿ, ಮಕ್ಕಳ ಕಿವಿಗೂ ಹಾಗೆಯೇ ಬೀಳಲಿ.

ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ 2013ರ ಜುಲೈ 16ರಂದು ಮಧ್ಯಾಹ್ನದ ಊಟ ಮಾಡಿದ ಮಕ್ಕಳಲ್ಲಿ 23 ಮಂದಿ ಸತ್ತರು. ಅಡಿಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಅದಕ್ಕೂ ಹಿಂದೆ 1958ರಲ್ಲಿ ಕೇರಳದಲ್ಲಿ, ಹಡಗಿನಲ್ಲಿ ಪ್ಯಾರಾಥಿಯಾನ್ ಎಂಬ ವಿಷದ ಜೊತೆಯಲ್ಲಿ ಬಂದ ಹಿಟ್ಟಿನಿಂದ ಮಾಡಿದ್ದನ್ನು ತಿಂದು ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಆ ದುರಂತದ ನಂತರವೇ ದೇಶದಲ್ಲಿ 1968ರ ಕೀಟನಾಶಕ ಕಾಯಿದೆ ಬಂದದ್ದು. ಇವುಗಳಲ್ಲಿ ಯಾವುದೂ ಇರುವೆಯ ಕಥೆಯಲ್ಲ, ನಿಜ. ಆದರೆ ಎರಡರಲ್ಲೂ ನಡೆದದ್ದು ಒಂದೇ: ಹೊಲದ ವಿಷವೂ ತಿನ್ನುವ ಆಹಾರವೂ ಒಂದೇ ಜಾಗಕ್ಕೆ ಬಂದವು. ನಮ್ಮ ಒಲೆಯ ಮೇಲಿನ ಗೂಡಿನಲ್ಲಿ ಇರುವುದೂ ಅದೇ ಜೋಡಿ.

ಹಿರಿಯರಿಗೆ ಗಮಾಕ್ಸಿನ್ ಪುಡಿಯ ನೆನಪಿರುತ್ತದೆ. ಒಂದು ಕಾಲದಲ್ಲಿ ಇರುವೆ ಎಂದರೆ ಗಮಾಕ್ಸಿನ್, ಬಾಗಿಲ ಸಂದಿಗೆಲ್ಲ ಬೂದುಬಣ್ಣದ ಗೆರೆ. ಅದರ ಮೂಲವಾದ ಬಿ.ಎಚ್.ಸಿ.ಯನ್ನು ಸರ್ಕಾರ 1997ರಲ್ಲಿ ನಿಷೇಧಿಸಿತು. ನುವಾನ್ ಎಂಬ ಹೆಸರಿನಿಂದ ಮನೆಮಾತಾಗಿದ್ದ ಡೈಕ್ಲೋರ್‌ವಾಸ್, ಬಾಳೆಯ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳು, ಇವೆರಡೂ 2020ರ ಡಿಸೆಂಬರ್ 31ರಿಂದ ನಿಷಿದ್ಧ. ಆದರೂ ಅಟ್ಟದ ಮೇಲೆ, ದನದ ಕೊಟ್ಟಿಗೆಯಲ್ಲಿ ಹಳೆಯ ಡಬ್ಬಗಳು ಉಳಿದಿರುತ್ತವೆ. "ಹಳೆಯದು, ಶಕ್ತಿ ಹೋಗಿರುತ್ತದೆ" ಎಂದು ನಂಬಿ ಬಳಸುವವರಿದ್ದಾರೆ. ಬಿ.ಎಚ್.ಸಿ. ಬಹುಕಾಲ ಮಣ್ಣಿನಲ್ಲಿ ಕೊಳೆಯದೆ ಉಳಿಯುವ ವಸ್ತು. ಅದನ್ನು ನಿಷೇಧಿಸಲು ಆ ಗುಣವೂ ಒಂದು ಕಾರಣ.

ಸಂತೆಯಲ್ಲಿ ಸಿಗುವ ಇರುವೆಯ ಸೀಮೆಸುಣ್ಣದ ಬಗ್ಗೆಯೂ ಒಂದು ಮಾತು. ಇದರಲ್ಲಿರುವುದು ಪೈರೆಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕ. ನೋಡಲು ಶಾಲೆಯ ಸೀಮೆಸುಣ್ಣದಂತೆಯೇ ಇರುತ್ತದೆ, ಮಕ್ಕಳು ಬಾಯಿಗಿಡುತ್ತಾರೆ. ತಯಾರಿಸಿದವರ ಹೆಸರಾಗಲಿ ವಿಷದ ಹೆಸರಾಗಲಿ ಇಲ್ಲದ ಇಂಥ ಸೀಮೆಸುಣ್ಣದ ಮಾರಾಟ ಅಮೆರಿಕದಲ್ಲಿ ಕಾನೂನುಬಾಹಿರ. ಹೆಸರು ವಿಳಾಸವಿಲ್ಲದ ಪೊಟ್ಟಣವನ್ನು ನಾವು ಹತ್ತು ರೂಪಾಯಿಗೆ ಕೊಂಡು ಅನ್ನದ ತಟ್ಟೆಯ ಸುತ್ತ ಗೆರೆ ಎಳೆಯುತ್ತೇವೆ.

ಇಷ್ಟೆಲ್ಲ ಅಪಾಯ ಹೊತ್ತುಕೊಂಡರೂ ಇರುವೆ ಹೋಗುತ್ತದೆಯೇ? ಅದೂ ಇಲ್ಲ. ನಾವು ಗೋಡೆಯ ಮೇಲೆ ನೋಡುವ ಸಾಲು ಗೂಡಿನ ಜನಸಂಖ್ಯೆಯ ಸಣ್ಣ ಪಾಲು ಮಾತ್ರ. ರಾಣಿಯೂ ಮರಿಗಳೂ ಒಳಗೆ ಕ್ಷೇಮವಾಗಿರುತ್ತವೆ. ಇಂದು ನೂರು ಕೂಲಿಗಳು ಸತ್ತರೆ ನಾಳೆ ನೂರು ಕೂಲಿಗಳು ಬರುತ್ತವೆ. ಇನ್ನು ತೀರ ಸಣ್ಣ, ಹಳದಿ ಮೈಯ ಒಂದು ಇರುವೆ ಉಂಟು. ಆಸ್ಪತ್ರೆಗಳಲ್ಲಿ ರೋಗಾಣುಗಳನ್ನು ಹೊತ್ತು ತಿರುಗುವುದೆಂಬ ಅಪಕೀರ್ತಿ ಅದಕ್ಕಿದೆ. ಅದರ ಗೂಡಿನಲ್ಲಿ ಹಲವು ರಾಣಿಗಳು. ಮೇಲೆ ಸ್ಪ್ರೇ ಹೊಡೆದರೆ ಒಂದು ಗೂಡು ಒಡೆದು ನಾಲ್ಕಾರು ಗೂಡುಗಳಾಗಿ ಮನೆಯ ಬೇರೆ ಬೇರೆ ಮೂಲೆಗಳಿಗೆ ಹಬ್ಬುತ್ತದೆ. 1758ರಲ್ಲಿ ಲಿನ್ನೇಯಸ್ ಎಂಬ ವಿಜ್ಞಾನಿ ಇದಕ್ಕೆ ಈಜಿಪ್ಟಿನ ಫರೋಹನ ಹೆಸರಿಟ್ಟನು. ವಿಮೋಚನಕಾಂಡದ ಹತ್ತು ಪಿಡುಗುಗಳಲ್ಲಿ ಇರುವೆ ಇಲ್ಲವೆಂಬುದನ್ನು ನಮ್ಮ ಧರ್ಮೋಪದೇಶದ ಮಕ್ಕಳೂ ಬಲ್ಲರು. ಹೆಸರು ಮಾತ್ರ ಉಳಿದುಬಿಟ್ಟಿತು.

ಹಾಗಾದರೆ ಮಾಡುವುದೇನು? ಇರುವೆ ಎಲ್ಲಿಗೆ ಬಂತು, ಯಾಕೆ ಬಂತು ಎಂದು ನೋಡುವುದು. ಐದು ನಿಮಿಷ ಕುಳಿತು ಸಾಲಿನ ಎರಡೂ ತುದಿಗಳನ್ನು ಗಮನಿಸಿ. ಜ್ಞಾನೋಕ್ತಿಗಳ ಗ್ರಂಥ ಸೋಮಾರಿಗೆ ಇರುವೆಯನ್ನು ನೋಡಿ ಕಲಿ ಎನ್ನುತ್ತದೆ. ಆ ಪಾಠ ಬೇರೆ, ಆದರೆ ನೋಡುವ ಕೆಲಸ ಇಲ್ಲಿಯೂ ಅಷ್ಟೇ ಮುಖ್ಯ. ಒಂದು ತುದಿಯಲ್ಲಿ ಆಹಾರ ಇರುತ್ತದೆ: ಗ್ರೈಂಡರ್ ಕಲ್ಲಿನ ಕೆಳಗೆ ಒಣಗಿದ ಹಿಟ್ಟು, ಎಣ್ಣೆ ಜಿಡ್ಡು, ಕಸದ ಬುಟ್ಟಿಯ ಮಾವಿನ ಸಿಪ್ಪೆ, ಸತ್ತ ಜಿರಳೆ, ಸೋರುವ ನಲ್ಲಿ. ಇನ್ನೊಂದು ತುದಿಯಲ್ಲಿ ಬಿರುಕು ಇರುತ್ತದೆ. ದಾರಿಯುದ್ದಕ್ಕೂ ಇರುವೆ ತನ್ನ ಮೈಯಿಂದ ಒಂದು ವಾಸನೆಯ ಗುರುತು ಬಿಡುತ್ತಾ ಹೋಗುತ್ತದೆ, ಹಿಂದಿನದು ಅದನ್ನೇ ಹಿಡಿದು ಬರುತ್ತದೆ. ಬರಿಯ ಪೊರಕೆಯಿಂದ ಗುಡಿಸಿದರೆ ಗುರುತು ಹೋಗುವುದಿಲ್ಲ, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಬಿರುಕಿಗೆ ಸಿಮೆಂಟು ಮೆತ್ತಬೇಕು, ಮರದ ಚೌಕಟ್ಟಿನ ಸಂದಿಗಾದರೆ ಮೇಣವೂ ಸಾಕು. ದೇವಾಲಯದ ಮೇಣದಬತ್ತಿಯ ತುಂಡುಗಳು ಬೇಕಾದವರು ಉಪದೇಶಿಗಳನ್ನು ಕೇಳಿ. ಸೂರಿಗೆ ತಾಗಿದ ಮಾವಿನ ಕೊಂಬೆ, ನುಗ್ಗೆಯ ಕೊಂಬೆ ಇರುವೆಗೆ ಸೇತುವೆ, ಕಡಿದುಹಾಕಿ.

ಅರಿಸಿನ, ಉಪ್ಪು, ಬೂದಿ, ನಿಂಬೆರಸ ಎಂದು ಪ್ರತಿ ಅಜ್ಜಿಯ ಬಳಿಯೂ ಒಂದು ಉಪಾಯವಿದೆ. ಇವು ಒಂದೆರಡು ದಿನ ತಡೆಯುತ್ತವೆ, ಆಮೇಲೆ ಇರುವೆ ಸುತ್ತುಬಳಸಿ ಬರುತ್ತದೆ. ಕೆಡುಕೇನೂ ಇಲ್ಲ. ಅಲಮಾರಿನ ಕಾಲುಗಳಿಗೆ ನೀರಿನ ಬಟ್ಟಲು ಇಡುವ ಹಳೆಯ ಪದ್ಧತಿ ನಿಜಕ್ಕೂ ಒಳ್ಳೆಯದು. ಆದರೆ ಡೆಂಗಿ ಹರಡುವ ಸೊಳ್ಳೆಗೆ ಅಂಥ ಬಟ್ಟಲೇ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ ಬಟ್ಟಲಿನ ಒಳಬದಿಯನ್ನು ಉಜ್ಜಿ ತೊಳೆಯಬೇಕು, ಏಕೆಂದರೆ ಮೊಟ್ಟೆ ಅಂಟಿರುವುದು ಬದಿಯಲ್ಲಿ. ನೀರಿಗೆ ನಾಲ್ಕು ಹನಿ ಸೋಪು ಸೇರಿಸಿದರೆ ಇನ್ನೂ ಮೇಲು.

ಇದರಿಂದಲೂ ಬಗ್ಗದ ಇರುವೆಗೆ ನಾನು ಒಪ್ಪುವ ವಿಷ ಒಂದೇ, ಬೋರಿಕ್ ಆಮ್ಲದ ಪುಡಿ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಕೇರಂ ಹಲಗೆಗೆ ಹಚ್ಚಿ ಆಡಿದವರಿಗೆ ಅದರ ಪರಿಚಯವುಂಟು. ಒಂದು ಲೋಟ ನೀರಿಗೆ ಎರಡು ದೊಡ್ಡ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಪುಡಿ. ಹೆಚ್ಚು ಹಾಕಬೇಡಿ. ಹೆಚ್ಚಾದರೆ ಇರುವೆ ಮುಟ್ಟುವುದಿಲ್ಲ, ಇಲ್ಲವೇ ದಾರಿಯಲ್ಲೇ ಸಾಯುತ್ತದೆ. ಕಡಿಮೆಯಾದರೆ ಗೂಡಿಗೆ ಹೊತ್ತುಕೊಂಡು ಹೋಗಿ ರಾಣಿಗೂ ಮರಿಗೂ ಉಣಿಸುತ್ತದೆ. ಹತ್ತಿಯಲ್ಲಿ ಅದ್ದಿ, ತೂತು ಮಾಡಿದ ಸಣ್ಣ ಡಬ್ಬದೊಳಗಿಟ್ಟು, ಸಾಲು ಹೋಗುವ ದಾರಿಯಲ್ಲಿ ಮನೆಯ ಹೊರಗೋಡೆಯ ಬಳಿ ಇಡಿ. ಮೊದಲ ದಿನ ಇರುವೆ ಹೆಚ್ಚಾದಂತೆ ಕಾಣುತ್ತದೆ, ಗಾಬರಿಯಾಗಿ ಒರೆಸಬೇಡಿ. ಒಂದೆರಡು ವಾರ ಬೇಕು. ಆದರೆ ಇದೂ ವಿಷವೇ, ಕೂಸುಗಳಿಗೆ ವಿಶೇಷವಾಗಿ. ಸಕ್ಕರೆ ನೀರಿನಂತೆ ಕಾಣುವುದರಿಂದ ಕೈಗೆಟುಕದ ಕಡೆ ಇಡಬೇಕು, ಮಿಕ್ಕದ್ದನ್ನು ಅಂದೇ ಚೆಲ್ಲಬೇಕು.

ಆರೋಗ್ಯದ ಅಂಕಣವಾದ್ದರಿಂದ ಇನ್ನೊಂದು ಸಂಗತಿ. ಬಚ್ಚಲಲ್ಲಿ, ಮೂತ್ರ ಮಾಡಿದ ಜಾಗದಲ್ಲಿ ಇರುವೆ ಮುತ್ತುತ್ತಿದ್ದರೆ ಇರುವೆಯನ್ನು ಬೈಯದೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಮಧುಮೇಹವನ್ನು ನಮ್ಮ ಪುರಾತನ ವೈದ್ಯರು ಗುರುತಿಸುತ್ತಿದ್ದುದೂ ಹೀಗೆಯೇ.

ಹೊಲದಲ್ಲಿಯೂ ಲೆಕ್ಕ ಇದೇ. ಮರಗೆಣಸು ಬೆಳೆಯುವವರು ಗಿಡದ ತುದಿಯಲ್ಲಿ ಇರುವೆ ಸಾಲು ಕಂಡರೆ ಇರುವೆಗೆ ವಿಷ ಹೊಡೆಯುತ್ತಾರೆ. ಇರುವೆ ಅಲ್ಲಿಗೆ ಹೋಗುವುದು ಹಿಟ್ಟು ತಿಗಣೆ ಸುರಿಸುವ ಸಿಹಿ ಅಂಟಿಗಾಗಿ. ಬದಲಿಗೆ ಅದು ತಿಗಣೆಗೆ ಕಾವಲು ಕಾಯುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪರಂಗಿಯ ಹಿಟ್ಟು ತಿಗಣೆ ಪರಂಗಿ, ಹಿಪ್ಪುನೇರಳೆ, ಮರಗೆಣಸು ಎಲ್ಲವನ್ನೂ ಹಿಡಿಯಿತು. ರೈತರು ಎಷ್ಟು ಸಲ ಸಿಂಪಡಿಸಿದರೂ ಹೋಗಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ ಬಿಟ್ಟ ಒಂದು ಪುಟ್ಟ ಕಣಜ ಅದನ್ನು ಅಡಗಿಸಿತು. 2020ರಲ್ಲಿ ಕೇರಳದಲ್ಲಿ ಮರಗೆಣಸಿಗೇ ಮೀಸಲಾದ ಮತ್ತೊಂದು ತಿಗಣೆ ಕಂಡುಬಂದು ನಮ್ಮ ಕಡೆಗೂ ಹಬ್ಬಿತು. ಆಫ್ರಿಕಾದ ಬೆನಿನ್ ದೇಶದಿಂದ ತಂದ ಕಣಜವನ್ನು 2022ರ ಮಾರ್ಚಿನಲ್ಲಿ ನಮ್ಮ ಪಕ್ಕದ ಸೇಲಂ ಜಿಲ್ಲೆಯ ಏತಾಪುರ ಸಂಶೋಧನಾ ಕೇಂದ್ರದಲ್ಲಿ ಬಿಡುಗಡೆ ಮಾಡಿದರು. ಈ ಕಣಜ ಎಳ್ಳಿಗಿಂತಲೂ ಸಣ್ಣದು, ಯಾರನ್ನೂ ಚುಚ್ಚುವುದಿಲ್ಲ. ಇರುವೆಗೆಂದು ಹೊಡೆದ ವಿಷಕ್ಕೆ ಮೊದಲು ಸಾಯುವುದು ಅದೇ.

2022ರಲ್ಲಿ ದಿಂಡಿಗಲ್ ಜಿಲ್ಲೆಯ ನತ್ತಂ ಬಳಿ ಕರಂತಮಲೈ ತಪ್ಪಲಿನ ಹಳ್ಳಿಗಳಲ್ಲಿ ಹಳದಿ ಹುಚ್ಚಿರುವೆ ಎಂಬ ಜಾತಿ ವಿಪರೀತವಾಗಿ ಹೆಚ್ಚಿ, ದನ ಮತ್ತು ಮೇಕೆಗಳ ಕಣ್ಣಿಗೆ ಹಾನಿಯಾಗುತ್ತಿದೆ ಎಂದು ಜನ ದೂರಿದ್ದು ಪತ್ರಿಕೆಗಳಲ್ಲಿ ಬಂತು. ಇದು ಕಚ್ಚುವುದಿಲ್ಲ, ಆಮ್ಲ ಚಿಮ್ಮಿಸುತ್ತದೆ. ಇದೇ ಇರುವೆ ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪದಲ್ಲಿ (1643ರ ಕ್ರಿಸ್ಮಸ್ ದಿನ ಕಂಡದ್ದರಿಂದ ಆ ಹೆಸರು) ಕೋಟಿಗಟ್ಟಲೆ ಕೆಂಪು ಏಡಿಗಳನ್ನು ಕೊಂದಿತು. ಅಲ್ಲಿ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ವಿಷ ಉದುರಿಸಿ ನೋಡಿದರು. ಕಡೆಗೆ 2016ರಲ್ಲಿ, ಇರುವೆಗೆ ಸಿಹಿ ಒದಗಿಸುವ ಕೀಟವನ್ನು ತಿನ್ನುವ ಕಣಜವನ್ನು ತಂದು ಬಿಟ್ಟರು. ಏತಾಪುರದಲ್ಲಿ ಮಾಡಿದ್ದಕ್ಕೂ ಅದಕ್ಕೂ ವ್ಯತ್ಯಾಸ ಕಡಿಮೆ. ನಮ್ಮ ಅಡಿಗೆಮನೆಯಲ್ಲಿ ಆ ಸಿಹಿ ಕೀಟದ ಸ್ಥಾನದಲ್ಲಿರುವುದು ಮುಚ್ಚಳವಿಲ್ಲದ ಬೆಲ್ಲದ ಡಬ್ಬ.

ಅಟ್ಟದಲ್ಲಿ ಹಳೆಯ ಪುಡಿ, ಬಾಟಲಿ ಉಳಿದವರು ಅದನ್ನು ಬಾವಿಯ ಬಳಿ ಚೆಲ್ಲಬೇಡಿ, ಸುಡಬೇಡಿ, ಬೇರೆ ಡಬ್ಬಕ್ಕೆ ಸುರಿಯಬೇಡಿ. ಇದ್ದ ಡಬ್ಬವನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮನೆಯಿಂದ ದೂರ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಕೃಷಿ ವಿಸ್ತರಣಾ ಕೇಂದ್ರದವರನ್ನು ಕೇಳಿ. ಯಾರಾದರೂ ಕುಡಿದರೆ, ಮೈಮೇಲೆ ಚೆಲ್ಲಿಕೊಂಡರೆ, ಜೊಲ್ಲು ಸುರಿದು ಬೆವರುತ್ತ ಉಸಿರಿಗೆ ಒದ್ದಾಡಿದರೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಟ್ಟೆ ತೆಗೆದು ಮೈಯನ್ನು ಸೋಪಿನಿಂದ ತೊಳೆದು 108ಕ್ಕೆ ಫೋನು ಮಾಡಿ. ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗುವಾಗ ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ, ವೈದ್ಯರು ಮೊದಲು ಕೇಳುವುದು ಅದರ ಹೆಸರನ್ನೇ.