ಕಾಮಿಕ್ಸ್ ಬಿಡಿಸೋ ನಮ್ಮ ಹುಡುಗರು ಸಹಿ ಹಾಕೋಕೆ ಮುಂಚೆ ಕಾಗದ ಓದಲಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಊರಿಗೆ ಹೋದ್ರೂ ಬಸ್ ಸ್ಟ್ಯಾಂಡ್ ಸುತ್ತಮುತ್ತ ಒಂದು ಫ್ಲೆಕ್ಸ್ ಅಂಗಡಿ ಇರುತ್ತೆ. ಅಲ್ಲಿ ಕಂಪ್ಯೂಟರ್ ಮುಂದೆ ಕೂತಿರೋ ಹುಡುಗ ಹಗಲೆಲ್ಲ ಹುಟ್ಟುಹಬ್ಬದ ಬ್ಯಾನರ್ ಮಾಡ್ತಾನೆ, ರಾತ್ರಿ ಮೊಬೈಲ್‌ನಲ್ಲಿ ತನ್ನದೇ ಕಥೆಗೆ ಚಿತ್ರ ಬಿಡಿಸ್ತಾನೆ. ಅದನ್ನ ಇನ್‌ಸ್ಟಾಗ್ರಾಂಗೆ ಹಾಕಿದ ಮೇಲೆ "ಪುಸ್ತಕ ಮಾಡೋಣ" ಅಂತ ಯಾರಾದ್ರೂ ಫೋನ್ ಮಾಡಿದ್ರೆ ಮುಗೀತು, ಖುಷಿಯಲ್ಲಿ ಕೇಳಿದ ಕಡೆಯೆಲ್ಲ ಸಹಿ ಹಾಕಿಬಿಡ್ತಾನೆ.

ಮೆಕ್ಕೆಜೋಳ ಮಾರುವಾಗ ನಾವು ಹಾಗೆ ಮಾಡ್ತೀವಾ? ರೇಟು ಕೇಳ್ತೀವಿ, ತೂಕದ ಚೀಟಿ ಇಸ್ಕೊಳ್ತೀವಿ, ಆಮೇಲೆ ಲಾರಿ ಬಿಡ್ತೀವಿ.

1938ರಲ್ಲಿ ಅಮೆರಿಕದ ಜೆರಿ ಸೀಗೆಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ತಾವು ಕಟ್ಟಿದ ಸೂಪರ್‌ಮ್ಯಾನ್ ಪಾತ್ರದ ಪೂರ್ತಿ ಹಕ್ಕನ್ನ ಪ್ರಕಾಶಕರಿಗೆ 130 ಡಾಲರ್‌ಗೆ ಬರೆದುಕೊಟ್ಟರು. ಪಾತ್ರ ಕೋಟಿಗಟ್ಟಲೆ ದುಡಿಯಿತು, ಇವರು ಕೋರ್ಟು ಅಲೆದರು. ವರ್ಷಕ್ಕೊಂದಿಷ್ಟು ಪಿಂಚಣಿ, ಪುಸ್ತಕದ ಮೇಲೆ ಹೆಸರು ಸಿಗೋಕೆ 1975 ಆಗಬೇಕಾಯ್ತು.

ಹೆಸರಿನ ಮಾತು ಬಂತಲ್ಲ, ನಮ್ಮ ಕಡೆಯದೇ ಒಂದು ಹೇಳ್ತೀನಿ. ಅಮರ ಚಿತ್ರ ಕಥೆ ಅಂದ್ರೆ ಎಲ್ಲರಿಗೂ ನೆನಪಾಗೋದು ಕಾರ್ಕಳದ ಅನಂತ ಪೈ. ಆದರೆ 1965ರ ಹೊತ್ತಿಗೆ ಆ ಹೆಸರಲ್ಲಿ ಮೊದಲು ಬಂದದ್ದು ಕನ್ನಡದ ಪುಸ್ತಕಗಳು. ಸಿಂಡ್ರೆಲಾ ತರದ ವಿದೇಶಿ ಕಥೆಗಳು ಅವು, ಅದರ ಹಿಂದೆ ಇದ್ದವರು ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್ ನೋಡಿಕೊಳ್ತಿದ್ದ ಜಿ.ಕೆ. ಅನಂತರಾಮ್. ಇಂಗ್ಲಿಷ್ ಸರಣಿಯಲ್ಲಿ 'ಕೃಷ್ಣ' 11ನೇ ನಂಬರಿಂದ ಶುರುವಾಗೋದು ಅದಕ್ಕೇ. ಅನಂತರಾಮ್ ಹೆಸರು ಎಷ್ಟು ಜನಕ್ಕೆ ಗೊತ್ತು?

ಪ್ರಕಾಶಕರಲ್ಲಿ ಮೂರು ತರ ಇದ್ದಾರೆ. ಮಾರಿದ್ದಕ್ಕೆ ರಾಯಲ್ಟಿ ಕೊಡೋರು, ಒಂದೇ ಸಲ ದುಡ್ಡು ಕೊಟ್ಟು ಎಲ್ಲಾ ಬರೆಸಿಕೊಳ್ಳೋರು, ನಮ್ಮ ದುಡ್ಡಲ್ಲೇ ನಮ್ಮ ಪುಸ್ತಕ ಅಚ್ಚು ಹಾಕೋರು. ಮೂರನೆಯವರೇ ಬೇಗ ಫೋನ್ ಎತ್ತೋದು, ನನ್ನ ಅನುಭವ. ಮಕ್ಕಳ ಕಥೆಯ ಸಣ್ಣ ಪುಸ್ತಕಕ್ಕೆ ನಾನೂ ಹೀಗೇ ದುಡ್ಡು ಕಟ್ಟಿದ್ದೆ. 25 ಪ್ರತಿ ಮನೆಗೆ ಬಂತು, ಉಳಿದದ್ದು ಎಲ್ಲಿ ಮಾರಾಟ ಆಯ್ತೋ ಲೆಕ್ಕವೇ ಇಲ್ಲ. ಹೋಗಲಿ ಬಿಡಿ. ಐಎಸ್‌ಬಿಎನ್ ಕೊಡಿಸೋಕೆ ಅಂತ ದುಡ್ಡು ಕೇಳಿದ್ರೆ ಮಾತ್ರ ಎರಡು ಸಲ ಯೋಚಿಸಿ. ದೆಹಲಿಯ ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಅದನ್ನ ಪುಕ್ಕಟೆ ಕೊಡುತ್ತೆ.

ರಾಯಲ್ಟಿ ಕೊಡ್ತೀವಿ ಅಂದ್ರೆ ಯಾವುದರ ಮೇಲೆ ಅಂತ ಕೇಳಬೇಕು. 100 ರೂಪಾಯಿ ಪುಸ್ತಕಕ್ಕೆ ಮುಖಬೆಲೆಯ ಮೇಲೆ ಶೇ 10 ಅಂದ್ರೆ 10 ರೂಪಾಯಿ. ಅಂಗಡಿಗೆ ಶೇ 40 ಕಮಿಷನ್ ಬಿಟ್ಟು ಉಳಿದ 60ರ ಮೇಲೆ ಅಂದ್ರೆ 6 ರೂಪಾಯಿ. ವ್ಯಾಪಾರಸ್ಥರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಕಾನೂನು ನಿಜಕ್ಕೂ ನಮ್ಮ ಹುಡುಗನ ಕಡೆಗೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸ್ವಂತಕ್ಕೆ ಚಿತ್ರ ಬಿಡಿಸಿದ ಕ್ಷಣವೇ ಹಕ್ಕು ಅವನದು, ನೋಂದಣಿ ಕಡ್ಡಾಯವಲ್ಲ. ಸಂಬಳಕ್ಕಿದ್ದು ಕಂಪನಿ ಕೆಲಸವಾಗಿ ಬಿಡಿಸಿದ್ರೆ ಮಾತ್ರ ಸಾಮಾನ್ಯವಾಗಿ ಮಾಲೀಕರದು. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು, ಬಾಯಿಮಾತು ನಡೆಯಲ್ಲ. ಅವಧಿ ಬರೆದಿಲ್ಲ ಅಂದ್ರೆ 5 ವರ್ಷ ಅಂತ ಲೆಕ್ಕ, ಯಾವ ಪ್ರದೇಶ ಅಂತ ಬರೆದಿಲ್ಲ ಅಂದ್ರೆ ಭಾರತ ಮಾತ್ರ. ತಗೊಂಡವರು ಒಂದು ವರ್ಷ ಆ ಹಕ್ಕು ಬಳಸದೆ ಇಟ್ಟುಕೊಂಡ್ರೆ ಅದು ಬಿದ್ದುಹೋಗುತ್ತೆ. ತೊಂದರೆ ಎಲ್ಲಿ ಅಂದ್ರೆ, ಈ ರಕ್ಷಣೆಯಲ್ಲಿ ಬಹುಪಾಲು ಒಪ್ಪಂದದಲ್ಲಿ ಬೇರೆ ತರ ಬರೆದಿಲ್ಲದಿದ್ದರೆ ಮಾತ್ರ. ಅದಕ್ಕೇ "ಪೂರ್ಣಾವಧಿ, ವಿಶ್ವದಾದ್ಯಂತ, ಮುಂದೆ ಬರುವ ಎಲ್ಲ ಮಾಧ್ಯಮ" ಅನ್ನೋ ಸಾಲು ಸಣ್ಣ ಅಕ್ಷರದಲ್ಲಿ ಕೂತಿರೋದು. ಪುಸ್ತಕಕ್ಕೆ ಮಾತ್ರ ಕೊಟ್ಟು ಸಿನಿಮಾ, ಆ್ಯನಿಮೇಷನ್, ಟೀ ಶರ್ಟು, ಬೇರೆ ಭಾಷೆ ನಮ್ಮಲ್ಲೇ ಇರಲಿ ಅಂತ ಕೇಳೋದು ತಪ್ಪಲ್ಲ. ಅಷ್ಟು ಕೇಳಿದ್ದಕ್ಕೇ ಸಿಟ್ಟಾಗೋ ಪ್ರಕಾಶಕರು ನಾಳೆ ಲೆಕ್ಕ ಕೊಡ್ತಾರೆ ಅಂತ ನನಗೆ ನಂಬಿಕೆ ಇಲ್ಲ.

ಹಕ್ಕು ಎರಡೂ ಕಡೆ ಕೊಯ್ಯುತ್ತೆ ಅನ್ನೋದೂ ಗೊತ್ತಿರಲಿ. ಬೀchi ಹುಟ್ಟಿದ್ದು 1913ರಲ್ಲಿ, ನಮ್ಮ ಹರಪನಹಳ್ಳಿಯಲ್ಲೇ. ಅವರ ತಿಮ್ಮನನ್ನ ಕಾಮಿಕ್ಸ್ ಮಾಡಬೇಕು ಅಂತ ಇಲ್ಲಿಯ ಹುಡುಗರಿಗೆ ಆಸೆ ಆಗೋದು ಸಹಜ. ಬೀchi ತೀರಿಕೊಂಡದ್ದು 1980ರಲ್ಲಿ; ಲೇಖಕರ ನಂತರ 60 ವರ್ಷ ಅಂದ್ರೆ 2040ರ ಕೊನೆಯವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. ಅದನ್ನ ಮೊದಲು ಕಾಗದದ ಮೇಲೆ ತಗೊಂಡು, ಆಮೇಲೆ ಪ್ರಕಾಶಕರ ಬಾಗಿಲು ತಟ್ಟಬೇಕು.